ಕಹಿಯಿಲ್ಲದ ಗುಳಿಗೆ

ಇದನ್ನು ಹೇಳುವುದನ್ನು ನಾನು ಎರಡು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ಮಲೇರಿಯಾದಿಂದ ಎದ್ದು ಕೂತ ಮೇಲೆ ಮಗಳು ಜ್ಯೋತಿ ಒಂದು ನೋಟ್‌ಬುಕ್ ತಂದು ಕೈಗಿಟ್ಟು, "ಅಪ್ಪಾ, ಜಡ್ಡಿನಾಗ ಏನೇನಾತು ಎಲ್ಲಾ ಬರೀರಿ. ನಾಲ್ಕು ಮಂದಿಗೆ ಧೈರ್ಯ ಬರ್ತದ" ಅಂದಳು. ಮೂರು ಸಲ ಬರೆದೆ. ಮೂರು ಸಲವೂ ಚಳಿ ಬಂತು, ಜ್ವರ ಬಂತು, ದವಾಖಾನೆ ಬಂತು, ಒಬ್ಬರು ಮಾತ್ರ ಬರಲಿಲ್ಲ. ಅವರನ್ನು ಬಿಟ್ಟು ಬರೆದದ್ದು ನನಗೇ ಸುಳ್ಳೆನಿಸಿ ಮೂರನ್ನೂ ಹರಿದು ಹಾಕಿದೆ.

ನಾನು ಮೆಟ್ರಿಕ್ ಪಾಸಾದವನು. ಔರಾದಿನ ಬಸ್‌ಸ್ಟ್ಯಾಂಡಿನ ಎದುರು ಮೂವತ್ತೊಂದು ವರ್ಷ ಮೆಡಿಕಲ್ ದುಕಾನ ನಡೆಸಿದೆ. ಲೈಸೆನ್ಸು ಬೇರೆಯವರ ಹೆಸರಿನಲ್ಲಿತ್ತು, ಕುರ್ಚಿಯಲ್ಲಿ ಕೂಡುತ್ತಿದ್ದವನು ನಾನು. ಮಂದಿ ನನಗೆ ಡಾಕ್ಟರ್ ಸಾಬ್ ಅನ್ನುತ್ತಿದ್ದರು. ಅಲ್ಲವೆಂದು ನಾನು ಯಾರಿಗೂ ಹೇಳಲಿಲ್ಲ. ವಯಸ್ಸಾದ ಮೇಲೆ ದುಕಾನ ಮುಚ್ಚಿ, ಹೆಂಡತಿ ಸುಮನಳ ಜೊತೆ ಬೀದರಿನ ಮೈಲೂರಿಗೆ ಬಂದು ನೆಲೆಸಿದೆ. ಸುಮ್ಮನೆ ಕೂಡಲಾಗದೆ ಕೊಳಾರದ ಒಂದು ಗೋದಾಮಿನಲ್ಲಿ ಬಂದುಹೋಗುವ ಲಾರಿಗಳ ನಂಬರು ಬರೆದುಕೊಳ್ಳುವ ಕೆಲಸ ಹಿಡಿದೆ. ಗೋದಾಮಿನ ಹಿಂದೆ ಮುಚ್ಚಳವಿಲ್ಲದ ಒಂದು ನೀರಿನ ಟಾಕಿ ಇತ್ತು. ಸೊಳ್ಳೆ ಅಲ್ಲಿಯದೇ ಇರಬೇಕೆಂದು ಆಮೇಲೆ ಡಾಕ್ಟರು ಅಂದರು.

ಜಡ್ಡು ಹಿಡಿದದ್ದು ಭಾಲ್ಕಿಯಲ್ಲಿ. ಜ್ಯೋತಿ ಅಲ್ಲಿ ಹೊಸ ಮನೆ ಕಟ್ಟಿಸಿದ್ದಳು. ವಾಸ್ತುಶಾಂತಿಯ ಮರುದಿನ ಮಧ್ಯಾಹ್ನ ಉಳಿದ ಹುಗ್ಗಿ ಉಣ್ಣುತ್ತಿದ್ದಾಗ ತುತ್ತು ಹಿಡಿದ ನನ್ನ ಕೈ ನಡುಗತೊಡಗಿತು.

"ಇದೇನ್ರಿ, ಹುಗ್ಗಿ ಕಂಡ ಖುಷಿಗೆ ನಡುಗಲತ್ತೀರೇನು?" ಎಂದು ಸುಮನ ನಕ್ಕಳು. ಮರುಕ್ಷಣ ತಾಟು ಕೈಜಾರಿ ಬಿತ್ತು. ಆಮೇಲೆ ಅವಳು ನಗಲಿಲ್ಲ. ಒಂದು ಕೌದಿ ಹೊದಿಸಿದರು, ಎರಡು ಹೊದಿಸಿದರು, ನಾಲ್ಕಾದವು. ಮಂಚವೇ ಕಟಕಟ ಅನ್ನತೊಡಗಿದಾಗ ಸುಮನ ಕೌದಿಗಳ ಮೇಲೆ ಅಡ್ಡಡ್ಡ ಬಿದ್ದು ನನ್ನನ್ನು ಅವುಚಿ ಹಿಡಿದಳು.

"ಅವ್ವಾ, ಅಪ್ಪಗ ಉಸಿರು ಕಟ್ತದ, ಏಳು."

"ಕಟ್ಟಂಗಿಲ್ಲ ಬಿಡು. ಲಗ್ನ ಆದಾಗಿಂದ ಈ ಮನುಷ್ಯಾ ಒಂದು ಕಡಿ ಕೂತಿಲ್ಲ. ಇವತ್ತ ಸಿಕ್ಕಾರ."

ಒಂದು ತಾಸು ಚಳಿ, ಆಮೇಲೆ ಮೈ ಹಂಚಿನಂತೆ ಕಾದು, ಆಮೇಲೆ ಬೆವರು. ಮರುದಿನ ಏನೂ ಇಲ್ಲ, ಎದ್ದು ಚಹಾ ಕುಡಿದೆ. ಅದರ ಮರುದಿನ ಅದೇ ಹೊತ್ತಿಗೆ ಮತ್ತೆ ಚಳಿ. ಅಷ್ಟು ಸಾಕಾಯಿತು ನನಗೆ. "ಇದು ಮಲೇರಿಯಾ. ಕ್ಲೋರೋಕ್ವಿನ್ ತರ್ರಿ. ಮೊದಲನೇ ದಿನ ನಾಲ್ಕು, ಎರಡನೇ ದಿನ ನಾಲ್ಕು, ಮೂರನೇ ದಿನ ಎರಡು" ಅಂದೆ. ಜ್ಯೋತಿ ರಕ್ತ ತಪಾಸಣೆ ಮಾಡಿಸೋಣ ಅಂದಳು. "ಮೂವತ್ತೊಂದು ವರ್ಷ ನಾ ಕುರಿ ಕಾಯ್ದೀನೇನು?" ಎಂದು ಅವಳ ಮೇಲೆ ರೇಗಿದೆ.

ಸುಮನ ಓಣಿಯ ಮೂಲೆಯಲ್ಲಿದ್ದ ಮೆಡಿಕಲ್‌ನಿಂದ ಗುಳಿಗೆ ತಂದಳು. ಇಡೀ ಗುಳಿಗೆ ನನ್ನ ಗಂಟಲಿಗೆ ಇಳಿಯುವುದಿಲ್ಲ. ಊರಿಗೆಲ್ಲ ಗುಳಿಗೆ ಕೊಟ್ಟವನ ಹಣೆಬರಹ ಇದು ಎಂದು ಸುಮನ ಯಾವಾಗಲೂ ಆಡಿಕೊಳ್ಳುತ್ತಾಳೆ. ಎರಡು ತುಂಡು ಮಾಡಿ ಬಾಯಿಗೆ ಹಾಕಿದಳು. ನಾನು ಕೈಯಲ್ಲಿ ಬೆಲ್ಲದ ಚೂರು ಹಿಡಿದು ಕಹಿಗಾಗಿ ಕಾದೆ. ಆ ಔಷಧದ ಕಹಿ ತಿಂದವರಿಗೆ ಗೊತ್ತು, ಕಿವಿಯವರೆಗೆ ಏರುತ್ತದೆ. ಅದು ಬರಲಿಲ್ಲ. ಸೀಮೆಸುಣ್ಣ ತಿಂದ ಹಾಗಾಯಿತು.

"ಮಾರಿ ಸುದ್ದಾ ಕಿವಿಚಲಿಲ್ಲಲ್ರಿ! ಶೂರ ಆಗೀರಿ."

ನಾನು ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡೆ. ಈಗಿನವರು ಕಹಿ ಬರದಂತೆ ಮಾಡಿರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಮೂರು ದಿನ ಹೊತ್ತಿಗೆ ಸರಿಯಾಗಿ ಸುಮನ ಕೊಟ್ಟಳು, ಹತ್ತೂ ನುಂಗಿದೆ. ನಾಲ್ಕನೆಯ ದಿನ ಚಳಿ ಮೊದಲಿಗಿಂತ ಜೋರಾಗಿ ಬಂತು. ವಾಂತಿ ಶುರುವಾಯಿತು. ಎದ್ದರೆ ಗೋಡೆ ತಿರುಗುತ್ತಿತ್ತು.

ಜ್ಯೋತಿ ಆ ಮೆಡಿಕಲ್‌ಗೆ ಹೋಗಿ ಕೇಳಿದಳಂತೆ. ದುಕಾನದವನು, "ನಮ್ಮ ಮಾಲು ಬರೋಬ್ಬರಿ ಅದರಿ ಮೇಡಂ. ವಯಸ್ಸಾದವರು ನಿಮ್ಮ ಅವ್ವ, ಎಲ್ಲ್ಯೋ ತಪ್ಪಿ ಕೊಟ್ಟಿರಬೇಕು ನೋಡ್ರಿ" ಅಂದನಂತೆ. ಮಗಳು ಒಳಗೆ ಬಂದು, ಮೆತ್ತಗೆ, ನೋಯಬಾರದೆಂದು ಮೆತ್ತಗೆ ಕೇಳಿದಳು: "ಅವ್ವಾ, ನೀ ಎಲ್ಲಾ ಬರೋಬ್ಬರಿ ಕೊಟ್ಟಿದ್ದಿ ಹೌದಲ್ಲೋ?"

ಸುಮನ ರೊಟ್ಟಿ ಬಡಿಯುತ್ತಿದ್ದಳು. ಸದ್ದು ನಿಂತಿತು. "ನಾ ಯಾಕ ತಪ್ಪಿಸ್ಲಿ?" ಅಂದಳು. ಮತ್ತೆ ಬಡಿದಳು. ಮತ್ತೆ ನಿಲ್ಲಿಸಿ, "ಎರಡನೇ ದಿನ ಸಂಜೀದು... ಕೊಟ್ಟೀನಲ್ಲ. ಏನ್ರೀ, ಕೊಟ್ಟೀನಿಲ್ಲೋ?" ಎಂದು ನನ್ನ ಕಡೆ ನೋಡಿದಳು.

ನಾನು ಕೌದಿಯನ್ನು ಮುಖದ ಮೇಲೆ ಎಳೆದುಕೊಂಡೆ. ಚಳಿಗಲ್ಲ. ಈ ಮಾತು, ಈ ಸದ್ದು ನಿಲ್ಲುವುದು, ಒಬ್ಬ ಹೆಂಗಸು ತನ್ನ ಕೈಯನ್ನೇ ಅನುಮಾನಿಸುವುದು, ಎಲ್ಲವನ್ನೂ ನಾನು ಇಪ್ಪತ್ತೈದು ವರ್ಷದ ಹಿಂದೆ ಔರಾದಿನಲ್ಲಿ ನೋಡಿದ್ದೆ. ನೋಡಿದ್ದೆ ಎನ್ನುವುದೂ ತಪ್ಪು, ನಾನೇ ಮಾಡಿದ್ದೆ.

ನಾನು ಎರಡು ವರ್ಷದವನಿದ್ದಾಗ ನಮ್ಮವ್ವ ತೀರಿಕೊಂಡಳು. ಏಳು ವರ್ಷದವನಿದ್ದಾಗ ಅಣ್ಣ ಘಾಳೆಪ್ಪನ ಲಗ್ನವಾಗಿ ವೈನಿ ಮನೆಗೆ ಬಂದರು. ಅತ್ತಿಗೆಗೆ ನಮ್ಮ ಕಡೆ ವೈನಿ ಅನ್ನುತ್ತೇವೆ. ಅವರಿಗೂ ಆಗ ಹದಿನಾರೋ ಹದಿನೇಳೋ. ನನ್ನ ತಲೆ ಬಾಚಿದ್ದು, ಸಾಲಿಗೆ ಕಳಿಸಿದ್ದು, ಮೆಟ್ರಿಕ್ ಪಾಸಾದಾಗ ಓಣಿಗೆಲ್ಲ ಸಕ್ಕರೆ ಹಂಚಿದ್ದು ಎಲ್ಲ ಅವರೇ. ಚಿಕ್ಕಂದಿನಲ್ಲಿ ನನಗೆ ಮಲೇರಿಯಾ ಬಂದಾಗ ಗುಳಿಗೆಯ ಕಹಿಗೆ ಹೆದರಿ ನಾನು ಜೋಳದ ಹೊಲದಲ್ಲಿ ಓಡಿದರೆ, ಅವರು ಬೆಲ್ಲದೊಳಗೆ ಗುಳಿಗೆ ಹುದುಗಿಸಿಕೊಂಡು ಹಿಂದೆ ಓಡಿ ಬಂದು ಬಾಯಿಗೆ ತುರುಕಿದ್ದರು. ನಾನು ಅವರ ಬೆರಳು ಕಚ್ಚಿದ್ದೆ. "ನಾಯಿ ಕಚ್ಚಿದ್ರ ಹದಿನಾಕು ಸೂಜಿ, ಮೈದುನ ಕಚ್ಚಿದ್ರ ಎಷ್ಟು?" ಎಂದು ನನ್ನ ಲಗ್ನದ ಪಂಗತಿಯಲ್ಲೂ ಹೇಳಿ ಎಲ್ಲರನ್ನೂ ನಗಿಸಿದ್ದರು.

ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಗುಳಿಗೆ ಎಣಿಸಿ ಕೊಡುವುದಕ್ಕೆ ಅವರದೇ ಒಂದು ರೀತಿ ಇತ್ತು. ಹತ್ತು ಗುಳಿಗೆ ಇದ್ದರೆ ಗೋಡೆಯ ಗೂಡಿನಲ್ಲಿ ಹತ್ತು ಹುಣಸೆ ಬೀಜ ಇಡುತ್ತಿದ್ದರು. ಒಂದು ಗುಳಿಗೆ ಬಾಯಿಗೆ ಹೋದರೆ ಒಂದು ಬೀಜ ಗೂಡಿನಿಂದ ಹೊರಗೆ. ಗೂಡು ಬರಿದಾದರೆ ಔಷಧ ಮುಗಿಯಿತು. ಮನೆಯಲ್ಲಿ ಯಾರಿಗೆ ಜಡ್ಡಾದರೂ ಹೀಗೇ ನಡೆಯುತ್ತಿತ್ತು, ಒಮ್ಮೆಯೂ ತಪ್ಪಿದ್ದಿಲ್ಲ.

ಆ ವರ್ಷ ಮಳೆಗಾಲದಲ್ಲಿ ಅಣ್ಣನಿಗೆ ಚಳಿಜ್ವರ ಬಂತು. ಗುಳಿಗೆ ನನ್ನ ದುಕಾನದ್ದು. ಆಗ ಸಾವಿರ ಗುಳಿಗೆಯ ಡಬ್ಬಿ ಬರುತ್ತಿತ್ತು. ಬೇಕಾದಷ್ಟು ತೆಗೆದು ಹಳೆಯ ಪೇಪರಿನಲ್ಲಿ ಪುಡಿಕೆ ಕಟ್ಟಿ ಕೊಡುತ್ತಿದ್ದೆವು. ಆ ಡಬ್ಬಿಯನ್ನು ತಂದದ್ದು ಗಡಿಯಾಚೆಯಿಂದ ಬಸ್ಸಿನಲ್ಲಿ ಚೀಲ ಹೊತ್ತು ಬರುತ್ತಿದ್ದ ಒಬ್ಬ ಏಜೆಂಟ. ಬಿಲ್ಲಿಲ್ಲ, ರೇಟು ಕಮ್ಮಿ. ಎಲ್ಲಿ ತಯಾರಾಗಿದೆಯೆಂದು ನಾನು ಕೇಳಲಿಲ್ಲ. ಮೇಲೆ ನನ್ನ ದುಕಾನಕ್ಕೆ ತಗಡಿನ ಛತ್ತು, ಪಡುವಣ ಬಾಗಿಲು. ಎರಡು ಬೇಸಿಗೆ ಆ ಡಬ್ಬಿ ಆ ತಗಡಿನ ಕೆಳಗೆ ಕಾದಿತ್ತು. ಗುಳಿಗೆ ಆ ಕಾವಿಗೆ ಸತ್ತವೋ, ಅಥವಾ ಅವುಗಳಲ್ಲಿ ಮೊದಲಿನಿಂದಲೂ ಜೀವವೇ ಇರಲಿಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ.

ಮೂರು ದಿನವಾದರೂ ಅಣ್ಣನ ಜ್ವರ ಇಳಿಯಲಿಲ್ಲ. ವೈನಿ ದುಕಾನಕ್ಕೆ ಬಂದರು. ಅಂದು ಸಂತೆ. ಮುಂದೆ ಆರೇಳು ಗಿರಾಕಿಗಳು ನಿಂತಿದ್ದರು.

"ವೈಜೂ, ಈ ಗುಳಿಗಿ ಕಹಿನೇ ಇಲ್ಲೋ ಯಪ್ಪಾ" ಅಂದರು. ನನ್ನ ಹೆಸರು ವೈಜಿನಾಥ, ಅವರಿಗೆ ನಾನು ಯಾವಾಗಲೂ ವೈಜು. "ಕಾಗದಕ್ಕ ಹತ್ತಿದ ಪುಡಿ ನೆಕ್ಕಿ ನೋಡೀನಿ. ಬರೇ ಸುಣ್ಣ ಇದ್ದಂಗದ. ಬ್ಯಾರೆ ಕೊಡು."

ಗಿರಾಕಿಗಳು ನನ್ನ ಮುಖ ನೋಡಿದರು. ಅವರ ಕೈಗಳಲ್ಲಿ ನಾನು ಕಟ್ಟಿದ ಪುಡಿಕೆಗಳಿದ್ದವು.

"ವೈನಿ, ಗುಳಿಗಿ ನಾಲಿಗಿಲೆ ಪರೀಕ್ಷಾ ಮಾಡೋದಲ್ಲ" ಅಂದೆ. "ನೀವು ಓದಿದವರಲ್ಲ. ಯಾವಾಗಿಂದು ಯಾವಾಗ ಕೊಟ್ರೋ, ಕೊಟ್ರೋ ಇಲ್ಲೋ. ತಪ್ಪು ನಿಮ್ಮ ಕೈದು. ಮಾಲಿಂದಲ್ಲ."

"ಹತ್ತು ಹುಣಸಿ ಬೀಜ ಇಟ್ಟಿದ್ದೆ ವೈಜೂ. ಗೂಡು ಖಾಲಿ ಆಗ್ಯಾದ, ಬಂದು ನೋಡು."

"ಹುಣಸಿ ಬೀಜ!" ಎಂದು ಗಿರಾಕಿಗಳಲ್ಲಿ ಒಬ್ಬ ನಕ್ಕ. "ಡಾಕ್ಟರ್ ಸಾಬ್, ಮುಂದ ಕವಡಿ ಹಾಕ್ತಾರ ನೋಡ್ರಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ವೈನಿ ಸೆರಗು ಮುಂದೆ ಎಳೆದುಕೊಂಡು ಸಂತೆಯ ಗದ್ದಲದಲ್ಲಿ ನಡೆದು ಹೋದರು.

ಡಬ್ಬಿ ನನ್ನ ಬೆನ್ನ ಹಿಂದೆಯೇ ಇತ್ತು. ಬೆರಳ ತುದಿಯಲ್ಲಿ ಒಂದಿಷ್ಟು ಪುಡಿ ತೆಗೆದು ನಾಲಿಗೆಗೆ ಹಚ್ಚಿದ್ದರೆ ಸಾಕಿತ್ತು. ಹಚ್ಚಲಿಲ್ಲ. ಹಚ್ಚಿದರೆ ಗೊತ್ತಾಗಿಬಿಡುತ್ತದೆಂದೇ ಹಚ್ಚಲಿಲ್ಲ. ಡಬ್ಬಿಯನ್ನು ಕೆಳಗೂ ಇಳಿಸಲಿಲ್ಲ, ತಳ ಕಾಣುವವರೆಗೆ ಮಾರಿದೆ. ಅದರಿಂದ ಇನ್ನೆಷ್ಟು ಮನೆಗಳಿಗೆ ಹೋದವೋ. ಆ ಮನೆಗಳಲ್ಲಿ ಯಾರ ಯಾರ ಕೈಗೆ ತಪ್ಪು ಹೊರಿಸಿದರೋ.

ಅಣ್ಣನನ್ನು ಜೀಪಿನಲ್ಲಿ ಬೀದರಿಗೆ ಒಯ್ದೆವು. ಒಂಬತ್ತು ದಿನ ದವಾಖಾನೆಯಲ್ಲಿದ್ದು ಉಳಿದುಕೊಂಡ. ಆದರೆ ಸಂತೆಯ ಮಾತು ಅವನ ಕಿವಿಗೂ ಮುಟ್ಟಿತ್ತು. ಅವನು ಕೆಟ್ಟವನಲ್ಲ, ಹೆಂಡತಿಗೆ ಒಂದು ಬಿರುಸು ಮಾತು ಆಡಲಿಲ್ಲ. ಮತ್ತೆಂದೂ ಅವರ ಕೈಯಿಂದ ಗುಳಿಗೆ ತೆಗೆದುಕೊಳ್ಳಲಿಲ್ಲ, ಅಷ್ಟೇ. ಮುಂದೆ ಅವನಿಗೆ ಬಿಪಿ ಶುರುವಾದಾಗ, "ವೈಜು ಬಂದು ಕೊಡ್ಲಿ" ಅಂದ. ಅವನು ಸಾಯುವವರೆಗೆ, ಹನ್ನೊಂದು ವರ್ಷ, ದಿನಾ ಮುಂಜಾನೆ ನಾನು ಅವನ ಮನೆಗೆ ಹೋಗಿ ನನ್ನ ಕೈಯಾರೆ ಗುಳಿಗೆ ಕೊಟ್ಟು ಬರುತ್ತಿದ್ದೆ. ನನ್ನ ಹೆಜ್ಜೆ ಸದ್ದಿಗೇ ವೈನಿ ಒಲೆಯ ಮೇಲೆ ಚಹಾ ಇಡುತ್ತಿದ್ದರು. ನನಗೆ ಸಕ್ಕರೆ ಹೆಚ್ಚು ಬೇಕೆಂದು ಅವರಿಗೆ ಗೊತ್ತು. ನಾನು ಗುಳಿಗೆ ಕೊಡುವಾಗ ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಕೈ ಸೆರಗಿನೊಳಗೆ. ಗೂಡಿನಲ್ಲಿ ಹುಣಸೆ ಬೀಜ ಇರುತ್ತಿರಲಿಲ್ಲ.

ಕಡೆಗೆ ಅವರಿಗೇ ಗುಳಿಗೆ ನುಂಗುವ ಕಾಲ ಬಂದಾಗ, ನಾನು ಹೋದ ಕೂಡಲೇ ಸ್ಟ್ರಿಪ್ಪು ಮುಂದೆ ಹಿಡಿಯುತ್ತಿದ್ದರು. "ವೈಜೂ, ಇದು ಈಗಿಂದೋ, ಸಂಜೀದೋ? ನನಗ ತಪ್ಪತದ ಯಪ್ಪಾ, ನಿನಗ ಗೊತ್ತದಲ್ಲ." ನಾನು ಹೇಳುತ್ತಿದ್ದೆ: ಇದು ಈಗಿನದು, ಇದು ಸಂಜೆಯದು. ಹೇಳಬೇಕಾದದ್ದು ಒಂದೇ ಮಾತಿತ್ತು, ಅದನ್ನು ಬಿಟ್ಟು ಎಲ್ಲ ಹೇಳುತ್ತಿದ್ದೆ. ನನಗೆ ಮಲೇರಿಯಾ ಬರುವ ಮೂರು ವರ್ಷ ಮೊದಲು ಅವರು ತೀರಿಕೊಂಡರು.

ಭಾಲ್ಕಿಯಿಂದ ಅಳಿಯ ನನ್ನನ್ನು ಕಾರಿನಲ್ಲಿ ಬೀದರಿಗೆ ತಂದು ದೊಡ್ಡ ದವಾಖಾನೆಗೆ ಸೇರಿಸಿದ. ಸರತಿಯಲ್ಲಿ ಎರಡು ತಾಸು ಕಾಯಬೇಕಾಯಿತು. ಬೆಂಚುಗಳೆಲ್ಲ ತುಂಬಿದ್ದವು. ಬುರ್ಖಾ ಹಾಕಿಕೊಂಡ ಒಬ್ಬ ಮುದುಕಿ ನನ್ನನ್ನು ನೋಡಿ ಎದ್ದು, "ಅರೆ ಭಾಯಿಸಾಬ್, ಇಲ್ಲಿ ಮಲಗ್ರಿ, ಕಾಲು ಚಾಚ್ರಿ. ನನಗೇನಾಗ್ಯಾದ, ಬರೇ ಕೆಮ್ಮು" ಎಂದು ನೆಲದ ಮೇಲೆ ಕೂತಳು. ಆ ಮುದುಕಿ, ಸುಮನ ಬೇಡವೆಂದರೂ ಕೇಳದೆ, ತನ್ನ ಚೀಲವನ್ನೇ ನನ್ನ ತಲೆಗೆ ದಿಂಬು ಮಾಡಿದಳು. ಚೀಲದಲ್ಲಿ ಈರುಳ್ಳಿ ಇದ್ದವು. ಅಷ್ಟು ಮೆತ್ತನೆಯ ದಿಂಬಿನ ಮೇಲೆ ನಾನು ಎಂದೂ ಮಲಗಿಲ್ಲ.

ರಕ್ತದಲ್ಲಿ ಮಲೇರಿಯಾ ಕಂಡಿತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಚೀಟಿ ನೋಡುತ್ತ ಕೇಳಿದರು, "ಮೊದಲ ಗುಳಿಗಿ ಏನರ ತಗೊಂಡೀರೇನು? ಪೂರಾ ಮುಗಿಸೀರೋ, ಅರ್ಧಕ್ಕ ಬಿಟ್ಟೀರೋ?"

ನಾನು ಬಾಯಿ ತೆರೆಯುವ ಮುಂಚೆ ಸುಮನ ಅಂದಳು, "ನಾನೇ ಎಲ್ಲ್ಯೋ ತಪ್ಪಿಸೀನಿ ಕಾಣಸ್ತದರಿ ಮೇಡಂ. ನನಗ ಕಣ್ಣು ಜರಾ ಕಮ್ಮಿ. ನಂದೇ ತಪ್ಪು."

ಡಾಕ್ಟರು ಬೇಸರದಿಂದ ತಲೆಯಾಡಿಸಿ ಬರೆಯತೊಡಗಿದರು. ಪೆನ್ನು ಕಾಗದದ ಮೇಲೆ ಓಡುವುದನ್ನು ನೋಡಿದೆ. ಎರಡು ಸಾಲಿನಲ್ಲಿ ಇದೂ ಖಾಯಂ ಆಗಿಬಿಡುತ್ತದೆ. ಇನ್ನು ಸಾಯುವವರೆಗೆ ಈ ಹೆಂಗಸು ನನ್ನ ಮುಂದೆ ಸ್ಟ್ರಿಪ್ಪು ಹಿಡಿದು, ಇದು ಈಗಿನದೋ ಸಂಜೆಯದೋ ಎಂದು ಕೇಳುತ್ತಾಳೆ.

"ಬರೀಬ್ಯಾಡ್ರಿ ಮೇಡಂ. ಬರೆದದ್ದು ಹೊಡೆದು ಹಾಕ್ರಿ" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಆಕಿ ಒಂದೂ ತಪ್ಪಿಸಿಲ್ಲ. ಗುಳಿಗಿನೇ ಕಹಿ ಇರಲಿಲ್ಲ. ಮೊದಲನೇ ತುಂಡಿಗೇ ನನಗ ಗೊತ್ತಾಗಿತ್ತು."

"ಗೊತ್ತಾಗಿ ಯಾಕ ಸುಮ್ಮನಿದ್ರಿ ಅಜ್ಜಾ?"

"ನನಗದು ಮೊದಲಿಂದ ರೂಢಿ ಅದರಿ."

ಸುಮನ ನನ್ನನ್ನೇ ನೋಡುತ್ತಿದ್ದಳು. ಡಾಕ್ಟರು ಬರೆದದ್ದನ್ನು ಹೊಡೆದು ಹಾಕಿದರು. ಉಳಿದ ಗುಳಿಗೆ, ಖಾಲಿ ಸ್ಟ್ರಿಪ್ಪು ಏನಿದ್ದರೂ ತರಲು ಹೇಳಿದರು. ಜಾಸ್ತಿ ಇರಲೆಂದು ಸುಮನ ಎರಡು ಸ್ಟ್ರಿಪ್ಪು ತಂದಿದ್ದಳು, ಒಂದು ಹಾಗೇ ಉಳಿದಿತ್ತು. ಜ್ಯೋತಿ ಮರುದಿನ ತಂದುಕೊಟ್ಟಳು. ಅದರಿಂದ ಒಂದು ಗುಳಿಗೆ ಒತ್ತಿ ತೆಗೆದರೆ ಡಾಕ್ಟರ ಬೆರಳಿನಲ್ಲೇ ಪುಡಿಯಾಯಿತು. ಉಳಿದದ್ದನ್ನು ಲಕೋಟೆಯಲ್ಲಿ ಹಾಕಿ, ಔಷಧ ತಪಾಸಣೆಯವರಿಗೆ ಕಳಿಸುವ ಅರ್ಜಿಗೆ ನನ್ನ ಸಹಿ ಹಾಕಿಸಿಕೊಂಡರು. ಅದರಿಂದ ಏನಾಯಿತೆಂಬ ಸುದ್ದಿ ನನಗೆ ಮುಟ್ಟಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ರಕ್ತ ತಪಾಸಣೆ ಮಾಡಿಸಿರಿ, ಬಿಲ್ಲು ಕೇಳಿರಿ, ಜ್ವರ ಇಳಿಯದಿದ್ದರೆ ಕೊಟ್ಟವರ ಕೈಯನ್ನು ಬಯ್ಯುವ ಮುಂಚೆ ಗುಳಿಗೆಯನ್ನು ಅನುಮಾನಿಸಿರಿ.

ದವಾಖಾನೆಯಲ್ಲಿ ಕೊಟ್ಟದ್ದೂ ಅದೇ ಔಷಧ, ಆದರೆ ಖರೆ ಔಷಧ. ಸುಮನ ಎರಡು ತುಂಡು ಮಾಡಿ ಬಾಯಿಗೆ ಹಾಕಿದಳು. ಕಹಿ ನಾಲಿಗೆಯಿಂದ ಗಂಟಲಿಗೆ, ಗಂಟಲಿಂದ ಕಿವಿಗೆ ಏರಿತು. ನಾನು ಅತ್ತುಬಿಟ್ಟೆ. "ಅಯ್ಯ, ಎಪ್ಪತ್ತು ದಾಟ್ಯಾವ, ಇನ್ನಾ ಗುಳಿಗಿಗೆ ಅಳ್ತೀರಲ್ರಿ!" ಎಂದು ಸುಮನ ಸೆರಗಿನಿಂದ ಮುಖ ಒರೆಸಿದಳು. ಪಕ್ಕದ ಮಂಚದವನು ತನಗೆ ಬಂದ ಬಾಳೆಹಣ್ಣಿನಲ್ಲಿ ಅರ್ಧ ಮುರಿದು ಕೊಟ್ಟ.

ಮೂರನೆಯ ದಿನ ಮಧ್ಯಾಹ್ನ ಚಳಿಯ ಹೊತ್ತು ಬಂತು, ಚಳಿ ಬರಲಿಲ್ಲ. ಇಬ್ಬರೂ ಗೋಡೆಯ ಗಡಿಯಾರ ನೋಡುತ್ತ ಕೂತಿದ್ದೆವು. ಒಂದು ತಾಸು ದಾಟಿದ ಮೇಲೆ ಸುಮನ ಉಸಿರು ಬಿಟ್ಟು ಮೋಸಂಬಿ ಸುಲಿಯತೊಡಗಿದಳು. ಆಗ ನಾನು ಅವಳಿಗೆ ವೈನಿಯ ಸಂಗತಿ ಎಲ್ಲ ಹೇಳಿದೆ. ಸಂತೆ, ಡಬ್ಬಿ, ಹುಣಸೆ ಬೀಜ, ನಾನು ನಕ್ಕದ್ದು.

ಅವಳ ಕೈ ನಿಂತಿತು. ಸಿಪ್ಪೆಯನ್ನು ಪಕ್ಕಕ್ಕಿಟ್ಟು ಅಂದಳು, "ಜ್ಯೋತಿ ಸಣ್ಣಾಕಿದ್ದಾಗ, ದೊಡ್ಡವ್ವನ ಕೈಲೆ ಔಷಧ ಕುಡೀಬ್ಯಾಡ ಅಂತ ಕಲಿಸಿದಾಕಿ ನಾನೇರಿ. ಆಕಿ ಎದುರಿಗೇ ಅಂದಿದ್ದೆ. ನಿಮ್ಮ ಮಾತು ಖರೆ ಅಂತ ತಿಳಿದು ಅಂದಿದ್ದೆ." ಆಮೇಲೆ ಮೋಸಂಬಿಯ ತೊಳೆಗಳನ್ನು ನನ್ನ ಅಂಗೈಯಲ್ಲಿಟ್ಟಳು. "ಊಟ ತರ್ತೀನಿ, ಗುಳಿಗಿ ಕೊಡ್ತೀನಿ. ಎರಡು ದಿನ ನನ್ನ ಸಂಗಾಟ ಮಾತು ಮಾತ್ರ ಕೇಳಬ್ಯಾಡ್ರಿ." ಹಾಗೆಯೇ ಎರಡು ದಿನ ಮಾತಾಡಲಿಲ್ಲ. ಒಂದು ಗುಳಿಗೆಯೂ ತಪ್ಪಲಿಲ್ಲ.

ಮೈಯಲ್ಲಿ ಶಕ್ತಿ ಬಂದ ಮೇಲೆ ಔರಾದಿಗೆ ಹೋದೆ. ವೈನಿಯ ಮಗ ಸಂಗಮೇಶ ಅಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅವನನ್ನು ಗೋಣಿಚೀಲಗಳ ಹಿಂದೆ ಕರೆದು, ಯಾರಿಗೂ ಕೇಳದಂತೆ ಎಲ್ಲ ಹೇಳಿದೆ. ಅವನು ಬಯ್ಯುತ್ತಾನೆಂದು ಕಾದೆ. ಬಯ್ಯಲಿಲ್ಲ. ಕುರ್ಚಿ ಎಳೆದು ಮೊದಲು ನನ್ನನ್ನು ಕೂಡಿಸಿದ. ಜಡ್ಡಿನಿಂದ ಎದ್ದು ಬಂದವನು ನಾನೆಂಬುದನ್ನು ಆಗಲೂ ಮರೆಯಲಿಲ್ಲ. ಎದುರಿಗೆ ನಿಂತು, ನೆಲ ನೋಡುತ್ತ ಅಂದ:

"ಕಾಕಾ, ನಮ್ಮ ಅವ್ವಗ ನೀವು ಭರೇ ಸಂತ್ಯಾಗ ಅಂದ್ರಿ. ಈಗ ಬಂದು ನನ್ನ ಕಿವ್ಯಾಗ ಹೇಳಿದ್ರ ಹ್ಯಾಂಗ?"

ನಾನು ಕುರ್ಚಿಯಿಂದ ಎದ್ದೆ. ಅವನು ಭುಜ ಹಿಡಿದು ಮತ್ತೆ ಕೂಡಿಸಿದ.

"ಎಲ್ಲರಿಗೂ ಕೇಳೋಹಂಗ ಹೇಳ್ರಿ. ಬರ್ಯಾಕ ಬರ್ತದಲ್ಲ ನಿಮಗ, ಬರೀರಿ. ಆಕಿ ಹೆಸರು ಹಾಕಿ ಬರೀರಿ."

ಬಸ್ಸಿನಲ್ಲಿ ಬೀದರಿಗೆ ಮರಳುವಾಗ ಲೆಕ್ಕ ಹಾಕಿದೆ. ಅರವತ್ತು ವರ್ಷ ಅವರನ್ನು ಬಲ್ಲೆ, ಒಂದು ಸಲವೂ ಅವರ ಹೆಸರು ನನ್ನ ಬಾಯಲ್ಲಿ ಬಂದಿಲ್ಲ. ನಮ್ಮ ಕಡೆ ಮೈದುನ ಅತ್ತಿಗೆಯ ಹೆಸರು ಹಿಡಿಯುವುದಿಲ್ಲ. ನನಗೆ ವೈನಿ, ಓಣಿಗೆ ಘಾಳೆಪ್ಪನ ಹೆಂಡತಿ, ಆ ಸಂತೆಯ ನಂತರ ಕೆಲವರಿಗೆ ಗುಳಿಗೆ ತಪ್ಪಿಸಿದ ಹೆಂಗಸು. ಈ ಮೂರಲ್ಲಿ ಯಾವುದನ್ನು ಬರೆದರೂ ಸಂಗಮೇಶ ಕೇಳಿದ್ದು ಆಗುವುದಿಲ್ಲ. ಹಾಗೆಂದು ಹೆಸರು ಬರೆಯಲು ಕೂತರೆ ಕೈ ಏಳುತ್ತಿರಲಿಲ್ಲ. ಮೂರು ಸಲ ಹರಿದು ಹಾಕಿದ್ದು ಅದಕ್ಕೇ.

ಔರಾದಿನ ಮಂದಿ ಇದನ್ನು ಓದಬೇಕು, ಅಂದು ದುಕಾನದ ಮುಂದೆ ನಕ್ಕವರಲ್ಲಿ ಉಳಿದವರು ಓದಬೇಕು. ನಮ್ಮ ವೈನಿ ಹತ್ತಕ್ಕೆ ಹತ್ತೂ ಗುಳಿಗೆ ಹೊತ್ತಿಗೆ ಸರಿಯಾಗಿ ಕೊಟ್ಟಿದ್ದರು. ಕೆಟ್ಟದ್ದು ನನ್ನ ಮಾಲು, ಸುಳ್ಳು ಹೇಳಿದ್ದು ನಾನು, ಕ್ಷಮೆ ಕೇಳದೆ ಅವರನ್ನು ಮಣ್ಣಿಗೆ ಕಳಿಸಿದ್ದೂ ನಾನು. ಅವರ ಹೆಸರು ಝರಣಮ್ಮ.